ಕೆಟ್ಟು ನಿಂತ ಸಿಗ್ನಲ್‌ನ ಕಥೆ

ಮಳೆ ಬಂದ ಸಂಜೆ. ಆಫೀಸ್ ಮುಗಿಸಿ ಮನೆಗೆ ಹೊರಟಿದ್ದೀರಿ. ಜಂಕ್ಷನ್ ಹತ್ತಿರ ಬಂದರೆ ಸಿಗ್ನಲ್ ಕೆಟ್ಟಿದೆ. ಕೆಂಪೂ ಇಲ್ಲ, ಹಸಿರೂ ಇಲ್ಲ, ಹಳದಿ ದೀಪವೊಂದು ಪಿಳಿಪಿಳಿ ಅಂತಿದೆ. ನಾಲ್ಕೂ ಕಡೆಯಿಂದ ಗಾಡಿಗಳು ನುಗ್ಗಿ ನಡುವೆ ಗಂಟು ಬಿದ್ದಿದೆ. "ಒಂದು ಲೈಟ್ ನೆಟ್ಟಗೆ ಇಟ್ಕೊಳ್ಳೋಕಾಗಲ್ವಾ ಇವರಿಗೆ" ಅಂತ ಕ್ಯಾಬ್ ಡ್ರೈವರ್ ಗೊಣಗ್ತಾರೆ. ನಾವೂ ಫೋನಿನಿಂದ ತಲೆ ಎತ್ತದೆ "ಹೂಂ" ಅಂತೀವಿ.

ಈ "ಇವರು" ಯಾರು ಅಂತ ಯೋಚಿಸಿದ್ದೀರಾ? ಜಂಕ್ಷನ್ನಿನ ಮೂಲೆಯಲ್ಲಿ ಒಂದು ಕಬ್ಬಿಣದ ಪೆಟ್ಟಿಗೆ ಇರುತ್ತೆ. ಮೇಲೆ ಪಿಜಿ, ಕೋಚಿಂಗ್ ಕ್ಲಾಸು, ಮೂಲವ್ಯಾಧಿ ಚಿಕಿತ್ಸೆಯ ಪೋಸ್ಟರುಗಳು. ಯಾವತ್ತಾದರೂ ಅದರ ಬಾಗಿಲು ತೆರೆದಿದ್ದರೆ ಒಳಗೆ ತಲೆ ಹಾಕಿ ಕೂತ ಒಬ್ಬ ಮನುಷ್ಯ ಕಾಣಿಸ್ತಾನೆ. ಸಿಗ್ನಲ್ ಚರಿತ್ರೆ ಅಂತ ಹುಡುಕಿದರೆ ಅದನ್ನು ಕಂಡುಹಿಡಿದವರ ಹೆಸರುಗಳು ಸಾಲಾಗಿ ಸಿಗುತ್ತವೆ. ಈ ಪೆಟ್ಟಿಗೆಯ ಮುಂದೆ ಕೂತವನ ಹೆಸರು ಎಲ್ಲೂ ಸಿಗಲ್ಲ. ಆದರೆ ಸಿಗ್ನಲ್ ಬೆಳೆದದ್ದೆಲ್ಲ ಕೆಟ್ಟು ಕೆಟ್ಟೇ. ಹೇಗೆ ಕೆಡಬೇಕು ಅನ್ನೋದನ್ನು ಅದು ಕಲಿಯೋಕೆ ನೂರು ವರ್ಷ ಹಿಡಿಯಿತು. ಆ ಮಿನುಗುವ ಹಳದಿ ದೀಪ ಆ ನೂರು ವರ್ಷದ ಪಾಠ.

ಮೊದಲನೇ ಸಿಗ್ನಲ್‌ನಿಂದಲೇ ಶುರು ಮಾಡೋಣ. 1868ರ ಡಿಸೆಂಬರ್ 10, ಲಂಡನ್, ಪಾರ್ಲಿಮೆಂಟ್ ಭವನದ ಎದುರು. ಆಗಿನ್ನೂ ಕಾರೇ ಹುಟ್ಟಿರಲಿಲ್ಲ. ಆದರೆ ಕುದುರೆಗಾಡಿಗಳ ಕಾಟಕ್ಕೆ ರಸ್ತೆ ದಾಟೋದೇ ಕಷ್ಟವಾಗಿತ್ತು. ರೈಲ್ವೆಯ ಜಾನ್ ಪೀಕ್ ನೈಟ್ ಎಂಬಾತ ರೈಲಿನ ಕೈಕಂಬವನ್ನೇ ರಸ್ತೆಗೆ ತಂದು ನಿಲ್ಲಿಸಿದ. ಹಗಲು ಮೇಲೆ ಕೆಳಗೆ ಆಡುವ ಕೈಗಳು, ರಾತ್ರಿ ಕೆಂಪು ಮತ್ತು ಹಸಿರು ಗ್ಯಾಸ್ ದೀಪ. ಹಸಿರಿಗೆ ಆಗ "ಹೋಗು" ಅಂತ ಅರ್ಥ ಇರಲಿಲ್ಲ, "ಹುಷಾರಾಗಿ ಹೋಗು" ಅಂತಿತ್ತು. ಕಂಬದ ಬುಡದಲ್ಲಿ ಒಬ್ಬ ಪೊಲೀಸ್ ನಿಂತು ಸನ್ನೆಕೋಲು ಎಳೆಯಬೇಕಿತ್ತು.

ಒಂದು ತಿಂಗಳೂ ತುಂಬಲಿಲ್ಲ. 1869ರ ಜನವರಿ 2ರಂದು ಗ್ಯಾಸ್ ಸೋರಿ ಕಂಬ ಸಿಡಿಯಿತು. ನಿಂತಿದ್ದ ಪೊಲೀಸಿಗೆ ಸುಟ್ಟ ಗಾಯಗಳಾದವು. ಲಂಡನ್ ಆ ಐಡಿಯಾವನ್ನೇ ಕೈಬಿಟ್ಟಿತು. ಅಲ್ಲಿ ಮತ್ತೆ ಸಿಗ್ನಲ್ ದೀಪ ಬಂದದ್ದು 1926ರಲ್ಲಿ, ಪಿಕಾಡಿಲಿಯಲ್ಲಿ. 57 ವರ್ಷ! ಒಂದು ಕೊಳವೆ ಸೋರಿದ್ದಕ್ಕೆ ಇಡೀ ಯೋಜನೆಯೇ ಮೂಲೆಗೆ ಹೋಯಿತು. ಯಂತ್ರ ನಿಲ್ಲಿಸೋದಕ್ಕೆ ಜನ ಇದ್ದರು, ನೋಡಿಕೊಳ್ಳೋದಕ್ಕೆ ಯಾರೂ ಇರಲಿಲ್ಲ.

ಮುಂದಿನ ಪಾಠ ಬಂದದ್ದು ರೈಲ್ವೆಯಿಂದಲೇ. 1876ರ ಜನವರಿ 21, ಇಂಗ್ಲೆಂಡಿನ ಆಬಟ್ಸ್ ರಿಪ್ಟನ್. ಜೋರು ಹಿಮ. ಆ ಕಾಲದಲ್ಲಿ ಸಿಗ್ನಲ್ಲಿನ ಕೈ ಸಾಮಾನ್ಯವಾಗಿ "ಹಾದಿ ಖಾಲಿ" ಸ್ಥಿತಿಯಲ್ಲೇ ಇರುತ್ತಿತ್ತು, ಅಪಾಯ ಇದ್ದಾಗ ಮಾತ್ರ ಎತ್ತುತ್ತಿದ್ದರು. ಸಿಗ್ನಲ್‌ಮನ್ ಸನ್ನೆಕೋಲು ಎಳೆದ. ಆದರೆ ಹಿಮ ಮೆತ್ತಿ ಗಟ್ಟಿಯಾಗಿದ್ದ ಕೈ ಮೇಲೇಳಲಿಲ್ಲ. ಎಕ್ಸ್‌ಪ್ರೆಸ್ ರೈಲು ಬಂದು ಕಲ್ಲಿದ್ದಲು ಗಾಡಿಗೆ ಗುದ್ದಿತು. ಆ ಅವಶೇಷಕ್ಕೆ ಎದುರಿನಿಂದ ಇನ್ನೊಂದು ಎಕ್ಸ್‌ಪ್ರೆಸ್ ಗುದ್ದಿತು. ಹತ್ತಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ನಿಯಮ ತಿರುಗಿಬಿತ್ತು: ಸಿಗ್ನಲ್ ಸುಮ್ಮನಿದ್ದರೆ ಅಪಾಯ ಅಂತಲೇ ತೋರಿಸಬೇಕು, ಹಾದಿ ಖಾಲಿ ಅಂತ ಖಾತ್ರಿಯಾದಾಗ ಮಾತ್ರ ಕೈ ಇಳಿಯಬೇಕು. ಸಾಫ್ಟ್‌ವೇರಿನಲ್ಲಿರೋರು "ಫೇಲ್ ಸೇಫ್" ಅಂತ ದಿನಾ ಹೇಳ್ತೀವಲ್ಲ, ಅದರ ಹಿಂದೆ ಇಂಥ ಹೆಣಗಳಿವೆ.

ಬಣ್ಣದ ಕಥೆಯೂ ಹಾಗೇ. ರೈಲ್ವೆಯಲ್ಲಿ ಮೊದಲು "ಹೋಗು" ಅನ್ನೋದಕ್ಕೆ ಬಿಳಿ ದೀಪ ಇತ್ತು. ಕೆಂಪು ಗಾಜು ಒಡೆದು ಬಿದ್ದರೆ ಹಿಂದಿನ ಬಿಳಿ ಬೆಳಕೇ ಕಾಣುತ್ತಿತ್ತು. ಅಂದರೆ "ನಿಲ್ಲು" ಅನ್ನಬೇಕಾದ ದೀಪ ಕೆಟ್ಟರೆ "ಬಾ" ಅಂತಿತ್ತು! ಅದಕ್ಕೇ ಬಿಳಿಯನ್ನು ತೆಗೆದು ಹಸಿರಿಗೆ "ಹೋಗು" ಅನ್ನೋ ಕೆಲಸ ಕೊಟ್ಟರು. ಹಸಿರು ಕಂಡಾಗ ನಾವು ಆಕ್ಸಿಲರೇಟರ್ ಒತ್ತೋದಕ್ಕೆ ಕಾರಣ, ಎಂದೋ ಒಡೆದ ಕೆಂಪು ಗಾಜುಗಳು.

ಕರೆಂಟಿನ ಕಾಲ ಬಂತು. 1905ರ ಆಗಸ್ಟ್ 5ರಂದು ನಮ್ಮ ಬೆಂಗಳೂರಿನ ಬೀದಿಯಲ್ಲಿ, ಈಗಿನ ಕೆ.ಆರ್. ಮಾರ್ಕೆಟ್ ಬಳಿ, ಶಿವನಸಮುದ್ರದ ವಿದ್ಯುತ್ತಿನಿಂದ ಮೊದಲ ದೀಪ ಹೊತ್ತಿತು. ಕಾಕತಾಳೀಯ ನೋಡಿ, ಸರಿಯಾಗಿ 9 ವರ್ಷದ ಮೇಲೆ ಅದೇ ತಾರೀಕಿಗೆ, 1914ರ ಆಗಸ್ಟ್ 5ರಂದು, ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದ ಯೂಕ್ಲಿಡ್ ಅವೆನ್ಯೂನಲ್ಲಿ ವಿದ್ಯುತ್ ಟ್ರಾಫಿಕ್ ಸಿಗ್ನಲ್ ಶುರುವಾಯಿತು. ಕೆಂಪು, ಹಸಿರು, ಜೊತೆಗೆ ಬಣ್ಣ ಬದಲಾಗುವ ಮುಂಚೆ ಎಚ್ಚರಿಸೋಕೆ ಒಂದು ಬಜರ್. ಎರಡೂ ರಸ್ತೆಗೆ ಒಟ್ಟಿಗೆ ಹಸಿರು ಬರದಂತೆ ಅದರ ವೈರಿಂಗನ್ನೇ ಮಾಡಿದ್ದರು. 1920ರಲ್ಲಿ ಡೆಟ್ರಾಯ್ಟಿನ ಪೊಲೀಸ್ ಅಧಿಕಾರಿ ವಿಲಿಯಂ ಪಾಟ್ಸ್ ನಡುವೆ ಹಳದಿ ಸೇರಿಸಿ, ನಾಲ್ಕೂ ದಿಕ್ಕಿಗೆ ಮೂರು ಬಣ್ಣ ತೋರಿಸುವ ಸಿಗ್ನಲ್ ಮಾಡಿದರು.

ಅಲ್ಲಿಯವರೆಗೂ ಸ್ವಿಚ್ ಹತ್ತಿರ ಒಬ್ಬ ಪೊಲೀಸ್ ಇರುತ್ತಿದ್ದ. ದೀಪ ಕೆಟ್ಟರೆ ಅವನೇ ಇಳಿದು ಬಂದು ಕೈ ಅಡ್ಡ ಹಿಡಿಯುತ್ತಿದ್ದ. 20ರ ದಶಕದಲ್ಲಿ ಸಿಗ್ನಲ್‌ಗಳು ಆಟೋಮ್ಯಾಟಿಕ್ ಆಗತೊಡಗಿದವು. ಪೊಲೀಸ್ ಬೇರೆ ಕೆಲಸಕ್ಕೆ ಹೋದ, ಪೆಟ್ಟಿಗೆ ಒಂಟಿಯಾಯಿತು. ಸಿಗ್ನಲ್ ರಿಪೇರಿ ಅನ್ನೋದು ಒಂದು ಕಸುಬಾದದ್ದು ಆಗ.

ಆ ಪೆಟ್ಟಿಗೆಯೊಳಗೆ ಒಂದು ಮೋಟಾರು, ಅದು ತಿರುಗಿಸುವ ಡಯಲ್. ಡಯಲ್ಲಿನ ಅಂಚಿಗೆ ಚಿಕ್ಕ ಚಿಕ್ಕ ಕೀಲಿಗಳು. ಒಂದೊಂದು ಕೀಲಿ ಬಂದಾಗಲೂ ಒಂದು ದಂಡ ಒಂದು ಹೆಜ್ಜೆ ಉರುಳಿ, ದೀಪ ಬದಲಾಗುತ್ತಿತ್ತು. ಹಸಿರಿಗೆ ಐದು ಸೆಕೆಂಡ್ ಜಾಸ್ತಿ ಬೇಕು ಅಂದರೆ ಟೆಕ್ನಿಷಿಯನ್ ಬಂದು ಕೀಲಿಯನ್ನು ಕೈಯಾರೆ ಕಿತ್ತು ಮುಂದಕ್ಕೆ ಕೂರಿಸಬೇಕು. ಸುಟ್ಟು ಕಪ್ಪಾದ ಕಾಂಟ್ಯಾಕ್ಟುಗಳನ್ನು ಉಜ್ಜಬೇಕು. ಹಲವು ನಗರಗಳಲ್ಲಿ ಬಲ್ಬ್ ಹೋಗುವ ತನಕ ಕಾಯುತ್ತಲೂ ಇರಲಿಲ್ಲ. ಉರಿಯುತ್ತಿರುವಾಗಲೇ ಎಲ್ಲವನ್ನೂ ಒಟ್ಟಿಗೆ ಬದಲಿಸುತ್ತಿದ್ದರು. ಕೆಂಪು ಬಲ್ಬ್ ಯಾವತ್ತು ಹೋಗುತ್ತೆ ಅನ್ನೋದನ್ನು ಅದೃಷ್ಟಕ್ಕೆ ಬಿಡೋಕಾಗುತ್ತಾ?

ಕೆಲವೊಮ್ಮೆ ಕೆಡಿಸುವವರು ಜನರೇ. ನ್ಯೂಯಾರ್ಕ್ ರಾಜ್ಯದ ಸಿರಕ್ಯೂಸ್ ನಗರದಲ್ಲಿ ಟಿಪ್ಪರರಿ ಹಿಲ್ ಅಂತ ಐರಿಷ್ ವಲಸಿಗರ ಬಡಾವಣೆ. 1925ರಲ್ಲಿ ಅಲ್ಲಿಗೆ ಸಿಗ್ನಲ್ ಬಂತು, ಎಲ್ಲ ಕಡೆಯ ಹಾಗೆ ಮೇಲೆ ಕೆಂಪು, ಕೆಳಗೆ ಹಸಿರು. ಬ್ರಿಟಿಷರ ಕೆಂಪು ನಮ್ಮ ಐರಿಷ್ ಹಸಿರಿನ ತಲೆ ಮೇಲಾ ಅಂತ ಹುಡುಗರು ಕಲ್ಲು ಹೊಡೆದರು. ನಗರದವರು ಹೊಸ ಗಾಜು ಹಾಕಿದರು, ಮತ್ತೆ ಕಲ್ಲು ಬಿತ್ತು. ಕೊನೆಗೆ 1928ರಲ್ಲಿ ನಗರವೇ ಸೋತು ಹಸಿರನ್ನು ಮೇಲಿಟ್ಟಿತು. ಇವತ್ತಿಗೂ ಅಲ್ಲಿ ಹಸಿರೇ ಮೇಲೆ. ಕಲ್ಲು ಹೊಡೆದವರ ನೆನಪಿಗೆ ಪಕ್ಕದಲ್ಲೇ ಸ್ಮಾರಕ ಇದೆ. ಪ್ರತಿ ಸಲವೂ ಏಣಿ ಹತ್ತಿ ಗಾಜು ಬದಲಿಸಿದವನ ನೆನಪಿಗೆ ಏನೂ ಇಲ್ಲ.

ಅದೇ 1928ರಲ್ಲಿ ಬಾಲ್ಟಿಮೋರಿನ ಚಾರ್ಲ್ಸ್ ಆಡ್ಲರ್ ಜೂನಿಯರ್ ಹಾರ್ನ್ ಕೇಳಿಸಿಕೊಂಡು ಬದಲಾಗುವ ಸಿಗ್ನಲ್ ಮಾಡಿದರು. ಕಂಬದಲ್ಲಿ ಮೈಕ್. ಅಡ್ಡರಸ್ತೆಯಿಂದ ಬಂದವರು ಹಾರ್ನ್ ಹೊಡೆದರೆ ಹಸಿರು! ನಮ್ಮೂರಲ್ಲಿ ಇಟ್ಟಿದ್ದರೆ ಆ ಸಿಗ್ನಲ್‌ಗೆ ಹುಚ್ಚೇ ಹಿಡಿದಿರೋದು. ಪುಣ್ಯಕ್ಕೆ ಗಾಡಿಯ ಭಾರದಿಂದ, ಆಮೇಲೆ ರಸ್ತೆಯಡಿ ಹೂತ ತಂತಿಯ ಸುರುಳಿಯಿಂದ ಗಾಡಿ ಗುರುತಿಸುವ ವಿಧಾನಗಳು ಗೆದ್ದವು. ರಸ್ತೆ ಅಗೆದಾಗ ಮೊದಲು ತುಂಡಾಗೋದು ಆ ಸುರುಳಿಯೇ ಅನ್ನೋದು ಬೇರೆ ಮಾತು.

ದೊಡ್ಡ ತಿರುವು ಬಂದದ್ದು 70ರ ದಶಕದಲ್ಲಿ. ತಿರುಗುವ ದಂಡ ಹೋಗಿ ಎಲೆಕ್ಟ್ರಾನಿಕ್ ಸ್ವಿಚ್ ಬಂತು. ಹಳೆಯ ದಂಡಕ್ಕೆ ಒಂದು ಒಳ್ಳೇ ಗುಣ ಇತ್ತು. ಎಲ್ಲ ದೀಪಗಳನ್ನೂ ಒಂದೇ ದಂಡ ನಡೆಸುತ್ತಿದ್ದರಿಂದ ಎರಡು ಕಡೆ ಹಸಿರು ಬರೋದು ಕಷ್ಟವಿತ್ತು. ಎಲೆಕ್ಟ್ರಾನಿಕ್ ಸ್ವಿಚ್ ಹಾಗಲ್ಲ. ಕೆಟ್ಟರೆ ಆನ್ ಆಗಿಯೇ ಅಂಟಿಕೊಳ್ಳಬಹುದು. ಎರಡು ವೈರು ಮಳೆನೀರಲ್ಲಿ ಒಂದಾದರೂ ಸಾಕು, ಅಡ್ಡರಸ್ತೆಗೂ ಹಸಿರು, ನಿಮಗೂ ಹಸಿರು. ಇಬ್ಬರೂ ನಿಯಮ ಪಾಲಿಸಿಯೇ ಸಾಯಬಹುದು.

ಅದಕ್ಕೇ ಪೆಟ್ಟಿಗೆಯೊಳಗೆ ಒಬ್ಬ ಕಾವಲುಗಾರನನ್ನು ಕೂರಿಸಿದರು: ಕಾನ್‌ಫ್ಲಿಕ್ಟ್ ಮಾನಿಟರ್. 1976ರಲ್ಲಿ ಅಮೆರಿಕದ ವಿದ್ಯುತ್ ಉಪಕರಣ ತಯಾರಕರ ಸಂಘ ನೆಮಾ ಹೊರಡಿಸಿದ ಮಾನದಂಡದಲ್ಲೇ ಅದು ಸೇರಿತ್ತು. ಕಂಟ್ರೋಲರ್ ಏನು ಹೇಳ್ತಿದೆ ಅನ್ನೋದು ಅದಕ್ಕೆ ಬೇಡ. ದೀಪಗಳಿಗೆ ನಿಜವಾಗಿ ಕರೆಂಟ್ ಹೋಗ್ತಿದೆಯಾ ಅಂತಷ್ಟೇ ನೋಡುತ್ತೆ. ಕೂಡದ ಎರಡು ಹಸಿರು ಒಟ್ಟಿಗೆ ಕಂಡರೆ ಅರ್ಧ ಸೆಕೆಂಡಿನೊಳಗೆ ಕಂಟ್ರೋಲರ್ ಕೈಯಿಂದ ದೀಪಗಳನ್ನು ಕಿತ್ತುಕೊಂಡು ಇಡೀ ಜಂಕ್ಷನ್ನನ್ನು ಮಿನುಗುವ ಸ್ಥಿತಿಗೆ ತಳ್ಳುತ್ತೆ. ಆಮೇಲೆ ಅದು ತಾನಾಗಿ ಸರಿಹೋಗಲ್ಲ, ಬೇಕಂತಲೇ ಹಾಗೆ ಮಾಡಿದ್ದಾರೆ. ಮನುಷ್ಯನೊಬ್ಬ ಬರಬೇಕು, ಯಾಕೆ ಹೀಗಾಯಿತು ಅಂತ ಹುಡುಕಬೇಕು, ಸರಿ ಮಾಡಬೇಕು, ಆಮೇಲೆ ಬಟನ್ ಒತ್ತಬೇಕು. ಕಾರಣ ಹುಡುಕದೆ ಬಟನ್ ಒತ್ತಿ ಹೊರಟುಬಿಡೋದು ಈ ಕಸುಬಿನಲ್ಲಿ ದೊಡ್ಡ ತಪ್ಪು. ಸರ್ವರ್ ರೀಸ್ಟಾರ್ಟ್ ಮಾಡಿ ಟಿಕೆಟ್ ಮುಚ್ಚುವ ನಮಗೆ ಇದು ಸ್ವಲ್ಪ ಚುಚ್ಚಬೇಕು.

ಕಲಿತದ್ದು ಮರೆತೂ ಹೋಗುತ್ತೆ. ಹೊಸ ಶತಮಾನದಲ್ಲಿ ಎಲ್‌ಇಡಿ ಬಂತು. ಸುಮಾರು 100 ವ್ಯಾಟ್ ತಿನ್ನುತ್ತಿದ್ದ ಬಲ್ಬಿನ ಜಾಗದಲ್ಲಿ 10ರಿಂದ 15 ವ್ಯಾಟ್ ಸಾಕಾಯಿತು, ಬ್ಯಾಟರಿಯಲ್ಲೂ ಸಿಗ್ನಲ್ ನಡೆಸಬಹುದಾಯಿತು. ಎಲ್ಲರಿಗೂ ಖುಷಿ. ಆದರೆ ಹಳೆಯ ಬಲ್ಬಿನ ಬಿಸಿ ಒಂದು ಕೆಲಸ ಮಾಡುತ್ತಿತ್ತು, ಗಾಜಿನ ಮೇಲೆ ಬಿದ್ದ ಹಿಮ ಕರಗಿಸುತ್ತಿತ್ತು. ತಣ್ಣಗಿನ ಎಲ್‌ಇಡಿ ಮೇಲೆ ಹಿಮ ಹಾಗೇ ಕೂತಿತು. 2009ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ, ಹಿಮ ಮುಚ್ಚಿದ ಸಿಗ್ನಲ್ಲಿನ ಜಂಕ್ಷನ್ನಿನಲ್ಲಿ ಒಬ್ಬ ಮಹಿಳೆ ಅಪಘಾತದಲ್ಲಿ ಸತ್ತರು. ಆಬಟ್ಸ್ ರಿಪ್ಟನ್ ಆಗಿ 133 ವರ್ಷ, ಮತ್ತದೇ ಹಿಮ. ಹಿಮ ಬೀಳುವ ಊರುಗಳಲ್ಲಿ ಈಗಲೂ ಸಿಬ್ಬಂದಿ ಕಂಬದಿಂದ ಕಂಬಕ್ಕೆ ಹೋಗಿ ದೀಪ ಒರೆಸ್ತಾರೆ.

ಈಗ ನಮ್ಮ ಜಂಕ್ಷನ್ನಿಗೆ ವಾಪಸ್ ಬರೋಣ. ಎಲ್ಲ ಮಿನುಗುವ ಹಳದಿಯೂ ರಿಪೇರಿಯ ಗುರುತಲ್ಲ. ತಡರಾತ್ರಿ ಗಾಡಿ ಕಮ್ಮಿ ಇದ್ದಾಗ ಬೇಕಂತಲೇ ಹಾಗಿಡ್ತಾರೆ. ಆದರೆ ಮಳೆ ಸಂಜೆ, ಪೀಕ್ ಅವರ್‌ನಲ್ಲಿ ಹಾಗೆ ಕಂಡರೆ, ಒಳಗೆ ಏನೋ ಎಡವಟ್ಟಾಗಿದೆ, ತಪ್ಪು ಹಸಿರು ತೋರಿಸೋ ಬದಲು ಯಂತ್ರ ಹಿಂದೆ ಸರಿದಿದೆ ಅಂತಿರಬಹುದು. ಆಗ ನಾವು ಮಾಡಬೇಕಾದ್ದು ಇಷ್ಟೇ: ನಿಧಾನ ಮಾಡಿ, ಅಡ್ಡ ಬರೋರನ್ನು ನೋಡಿ, ಸರದಿಯಲ್ಲಿ ದಾಟೋದು. ಕ್ಯಾಬ್ ಡ್ರೈವರಿಗೂ ಅದನ್ನೇ ಹೇಳಿ.

ಪೆಟ್ಟಿಗೆ ಬಾಗಿಲು ತೆರೆದಿದ್ದರೆ, ಅದರ ಮುಂದೆ ನಾಲ್ಕು ಪ್ಲಾಸ್ಟಿಕ್ ಕೋನ್ ಇಟ್ಟುಕೊಂಡು ಒಬ್ಬ ಕೂತಿರ್ತಾನೆ. ಬೆನ್ನು ರಸ್ತೆ ಕಡೆ. ಅವನಿಗೆ ನಿಮ್ಮ ಗಾಡಿ ಕಾಣಿಸಲ್ಲ. ಸ್ವಲ್ಪ ದೂರದಿಂದ ಹೋಗಿ.