ಆಳು ಒಂದೇ, ಕೂಲಿ ಎರಡು

ನಾಟಿಯ ದಿನ ಗದ್ದೆಯ ಬದುವಿನ ಮೇಲೆ ನಿಂತವರಿಗೆ ಈ ನೋಟ ಹೊಸದಲ್ಲ. ಮೊಣಕಾಲುದ್ದದ ಕೆಸರಿನಲ್ಲಿ ಹೆಂಗಸರ ಸಾಲು ಸೊಂಟ ಬಗ್ಗಿಸಿಕೊಂಡು, ಹೆಜ್ಜೆ ಹೆಜ್ಜೆಗೂ ಹಿಂದಕ್ಕೆ ಸರಿಯುತ್ತ ಪೈರು ನೆಡುತ್ತದೆ. ಗಂಡಸರು ಉಳುತ್ತಾರೆ, ಬದು ಕಡಿಯುತ್ತಾರೆ, ಸಸಿಮಡಿಯಿಂದ ಪೈರಿನ ಕಟ್ಟು ತಂದು ಎಸೆಯುತ್ತಾರೆ. ಸಂಜೆ ಜಗಲಿಯ ಮೇಲೆ ಲೆಕ್ಕದ ಪುಸ್ತಕ ಬಿಚ್ಚಿಕೊಳ್ಳುತ್ತದೆ. ಅದರಲ್ಲಿ ಎರಡು ಕಲಂ: ಗಂಡಾಳು, ಹೆಣ್ಣಾಳು. ಎರಡನೆಯದರ ದರ ಕಡಿಮೆ. ಯಾಕೆಂದು ಕೇಳಿದರೆ, ‘ಅದು ಹಗುರದ ಕೆಲಸ’ ಎಂಬ ಉತ್ತರ ಸಿದ್ಧವಾಗಿರುತ್ತದೆ.

ಹಗುರವೆಂದು ಯಾವ ತಕ್ಕಡಿ ತೂಗಿ ಹೇಳಿತು? ಈ ಪ್ರಶ್ನೆಯನ್ನು ನೂರು ವರ್ಷಗಳಿಗೂ ಹೆಚ್ಚು ಕಾಲದಿಂದ ಕಾನೂನು ಒಂದು ಬಗೆಯಲ್ಲಿ, ಅರ್ಥಶಾಸ್ತ್ರ ಇನ್ನೊಂದು ಬಗೆಯಲ್ಲಿ, ಸ್ತ್ರೀ ಅಧ್ಯಯನ ಮತ್ತು ದೇಹವಿಜ್ಞಾನ ತಮ್ಮದೇ ಬಗೆಯಲ್ಲಿ ಎದುರಿಸಿವೆ. ಆ ದಾರಿಯನ್ನು ಒಮ್ಮೆ ಹಿಂದಿರುಗಿ ನೋಡಿದರೆ ಒಂದು ಸಂಗತಿ ನಿಚ್ಚಳವಾಗುತ್ತದೆ: ಕೆಲಸವನ್ನು ಅಳೆಯುವ ಮೊದಲೇ ಮಾತು ಅದಕ್ಕೆ ಬೆಲೆ ಕಟ್ಟಿಬಿಟ್ಟಿತ್ತು.

ಮಾತಿನೊಳಗಿನ ದರಪಟ್ಟಿ

ಕನ್ನಡದ ‘ಆಳು’ ಎಂಬ ಪದಕ್ಕೆ ಗಂಡು ಹೆಣ್ಣೆಂಬ ಭೇದವಿಲ್ಲ. ಕೂಲಿಯಾಳು, ಮುಯ್ಯಾಳು, ಜೀತದಾಳು ಎಂದಾಗ ಯಾರೂ ಆಗಿರಬಹುದು. ಭೇದ ಹುಟ್ಟುವುದು ಮುಂದೆ ಅಂಟಿಸಿದ ಪದದಲ್ಲಿ, ಆ ಪದದ ಬೆನ್ನಿಗೇ ದರವೂ ಬರುತ್ತದೆ. ಶಕ್ತಿಗೆ ‘ಪೌರುಷ’ ಎಂಬ ಹೆಸರು, ಅದರೊಳಗೇ ಪುರುಷ ಇದ್ದಾನೆ. ಹೆಣ್ಣಿಗೆ ‘ಅಬಲೆ’ ಎಂಬ ಹೆಸರು, ಅದರೊಳಗೇ ಬಲವಿಲ್ಲ ಎಂಬ ತೀರ್ಪಿದೆ. ಧೈರ್ಯವಂತನದು ಗಂಡೆದೆ. ಅಂಜಿದವನಿಗೆ ಬಳೆ ತೊಟ್ಟುಕೋ ಎಂಬ ಮೂದಲಿಕೆ. ಮರ ಹತ್ತುವ ಹುಡುಗಿ ಗಂಡುಬೀರಿ. ದುಡಿಮೆಯೇ ಪುರುಷ ಲಕ್ಷಣವೆಂದು ಸಾರುವ ಗಾದೆಯನ್ನು, ನಸುಕಿಗೆ ಎದ್ದು ಕೊಟ್ಟಿಗೆ ಬಳಿಯುವ ತಾಯಿಯ ಎದುರಿನಲ್ಲೇ ಹೇಳುತ್ತ ಬಂದಿದ್ದೇವೆ.

ಹೊಗಳಿಕೆಯಲ್ಲೂ ಇದೇ ಕಥೆ. ಚಿತ್ರದುರ್ಗದ ಒನಕೆ ಓಬವ್ವನನ್ನು ಗಂಡಿನಂತೆ ಕಾದಾಡಿದಳೆಂದು ಮೆಚ್ಚುತ್ತೇವೆ. ಆದರೆ ಅವಳ ಕೈಗೆ ಸಿಕ್ಕಿದ್ದು ಒನಕೆ. ದಿನಬೆಳಗಾದರೆ ಭತ್ತ ಕುಟ್ಟುವ ಹೆಂಗಸಿನ ರಟ್ಟೆಗೆ ಆ ಮರದ ತೂಕ, ಅದನ್ನು ಎತ್ತುವ ಪರಿ, ಬೀಳಿಸುವ ಗುರಿ ಎಲ್ಲವೂ ರೂಢಿ. ಆ ಬಲ ಯಾವ ಗಂಡಿನಿಂದಲೂ ಎರವಲು ತಂದದ್ದಲ್ಲ, ಒರಳಿನ ಮುಂದೆ ಬೆಳೆದದ್ದು. ಜನಪದ ಅವಳ ಹೆಸರಿಗೆ ಒನಕೆಯನ್ನೇ ಸೇರಿಸಿ ಸತ್ಯವನ್ನು ಕಾಪಾಡಿದೆ. ಹನ್ನೆರಡನೆಯ ಶತಮಾನದ ಶರಣರು ಕಾಯಕಕ್ಕೆ ಮೇಲು ಕೀಳಿಲ್ಲವೆಂದಾಗ, ಆಯ್ದಕ್ಕಿ ಲಕ್ಕಮ್ಮನಂಥ ದುಡಿಯುವ ಹೆಣ್ಣುಮಗಳು ವಚನಕಾರ್ತಿಯಾಗಿ ಎದ್ದು ನಿಂತದ್ದೂ ನಮ್ಮ ನೆಲದಲ್ಲೇ. ಆ ಮಾತು ಕೂಲಿಯ ಲೆಕ್ಕದ ಪುಸ್ತಕದವರೆಗೆ ಬರಲಿಲ್ಲ.

ರಕ್ಷಣೆಯ ಹೆಸರಿನಲ್ಲಿ

ಆಧುನಿಕ ಕಾನೂನು ಹೆಣ್ಣಿನ ದೇಹದ ಬಗ್ಗೆ ಮಾತಾಡಲು ಶುರುಮಾಡಿದ್ದು ರಕ್ಷಣೆಯ ಭಾಷೆಯಲ್ಲಿ. 1891ರ ಕಾರ್ಖಾನೆ ಕಾಯ್ದೆ ಹೆಂಗಸರ ದುಡಿಮೆಯನ್ನು ದಿನಕ್ಕೆ 11 ಗಂಟೆಗೆ ಮಿತಿಗೊಳಿಸಿತು. ಅಂದಿನ ಗಿರಣಿಗಳ ಸ್ಥಿತಿಯಲ್ಲಿ ಅದು ಬೇಕಿದ್ದ ಕಾನೂನೇ. ಆದರೆ ರಕ್ಷಣೆ ಎಲ್ಲಿ ಮುಗಿದು ಹೊರದಬ್ಬುವುದು ಎಲ್ಲಿ ಶುರುವಾಗುತ್ತದೆ ಎಂಬುದಕ್ಕೆ ಕಲ್ಲಿದ್ದಲು ಗಣಿಗಳ ಚರಿತ್ರೆಯೇ ಸಾಕ್ಷಿ.

ಝರಿಯಾ, ರಾಣಿಗಂಜ್ ಗಣಿಗಳಲ್ಲಿ ಗಂಡ ಕಲ್ಲಿದ್ದಲು ಕಡಿದರೆ ಹೆಂಡತಿ ಅದನ್ನು ತುಂಬಿ ಹೊರುತ್ತಿದ್ದಳು. 1929ರ ನಿಯಮಗಳು ಹೆಂಗಸರನ್ನು ಭೂಗತ ಗಣಿಗಳಿಂದ ಹಂತಹಂತವಾಗಿ ಹೊರಗಿಡಲು ತೊಡಗಿದವು, 1930ರ ದಶಕ ಮುಗಿಯುವಷ್ಟರಲ್ಲಿ ನಿಷೇಧ ಪೂರ್ಣವಾಯಿತು. ಎರಡನೆಯ ಮಹಾಯುದ್ಧದಲ್ಲಿ ಕಲ್ಲಿದ್ದಲು ಸಾಲದೆ ಹೋದಾಗ, 1943ರಲ್ಲಿ ಸರ್ಕಾರ ಅದೇ ಹೆಂಗಸರನ್ನು ಮತ್ತೆ ಕೆಳಗಿಳಿಸಿತು. ಯುದ್ಧ ಮುಗಿದು, 1946ರಲ್ಲಿ ನಿಷೇಧ ಮರಳಿತು. ಆ ಮೂರು ವರ್ಷಗಳಲ್ಲಿ ಹೆಣ್ಣಿನ ದೇಹ ಬದಲಾಗಿರಲಿಲ್ಲ, ಬದಲಾದದ್ದು ಅಗತ್ಯ. 1952ರ ಗಣಿ ಕಾಯ್ದೆಯೂ ಅವರನ್ನು ಭೂಗತ ಕೆಲಸದಿಂದ ಹೊರಗೇ ಇಟ್ಟಿತು. ಷರತ್ತುಗಳೊಂದಿಗೆ ಆ ಬಾಗಿಲು ತೆರೆದದ್ದು 2019ರಲ್ಲಿ.

ಎತ್ತುವ ಭಾರಕ್ಕೂ ಇಂಥದೇ ಗೆರೆಯಿದೆ. ಹಲವು ರಾಜ್ಯಗಳ ಕಾರ್ಖಾನೆ ನಿಯಮಗಳು ವಯಸ್ಕ ಹೆಂಗಸು 30 ಕೆ.ಜಿ.ಗಿಂತ ಹೆಚ್ಚು ಎತ್ತಬಾರದೆಂದು ಹೇಳಿದವು. ಬೆನ್ನಿನ ಆರೋಗ್ಯದ ಕಾಳಜಿ ಸರಿಯೇ. ಆದರೆ ತಲೆಯ ಮೇಲೊಂದು, ಸೊಂಟದಲ್ಲೊಂದು, ತಲಾ 15 ಲೀಟರಿನ ಎರಡು ಕೊಡ ಹೊತ್ತು ಬರುವ ಹೆಂಗಸು ಆ ಮಿತಿಯನ್ನು ದಿನಕ್ಕೆ ಹತ್ತಾರು ಸಲ ಮುಟ್ಟುತ್ತಾಳೆ. ಕೂಲಿ ಕೊಡಬೇಕಾದ ಕಡೆ ಅವಳ ಅಶಕ್ತತೆ ನೆನಪಾಗುತ್ತದೆ, ಕೂಲಿಯಿಲ್ಲದ ಕಡೆ ಮರೆತುಹೋಗುತ್ತದೆ.

ಎಣಿಕೆ ಶುರುವಾಯಿತು

ಈ ಮರೆವನ್ನು ಅಂಕಿಯಲ್ಲಿ ಹಿಡಿದದ್ದು 1970ರ ದಶಕ. ಫೂಲ್‌ರೇಣು ಗುಹಾ ಅಧ್ಯಕ್ಷತೆಯ, ವೀಣಾ ಮಜುಂದಾರ್ ಸದಸ್ಯ ಕಾರ್ಯದರ್ಶಿಯಾಗಿದ್ದ ಸಮಿತಿ 1974ರಲ್ಲಿ ‘ಸಮಾನತೆಯೆಡೆಗೆ’ ಎಂಬ ವರದಿಯನ್ನು ಮುಗಿಸಿತು. ದುಡಿಯುವವರ ಪಟ್ಟಿಯಲ್ಲಿ ಹೆಂಗಸರ ಪಾಲು ಕುಗ್ಗುತ್ತಿರುವುದನ್ನು ಅದು ದೇಶದ ಮುಂದಿಟ್ಟಿತು. ಭಾರತದ ಸ್ತ್ರೀ ಅಧ್ಯಯನಕ್ಕೆ ಬುನಾದಿ ಹಾಕಿದ ವರದಿಯದು.

ಮೈಸೂರಿನಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞೆ ದೇವಕಿ ಜೈನ್ ಅದೇ ದಶಕದಲ್ಲಿ ರಾಜಸ್ಥಾನ ಮತ್ತು ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ, ಮನೆಯ ಪ್ರತಿಯೊಬ್ಬರೂ ದಿನದ ಗಂಟೆಗಳನ್ನು ಹೇಗೆ ಕಳೆಯುತ್ತಾರೆಂದು ದಾಖಲಿಸುವ ಅಧ್ಯಯನ ನಡೆಸಿದರು. ಸರ್ಕಾರಿ ಲೆಕ್ಕದಲ್ಲಿ ‘ಕೆಲಸವಿಲ್ಲದವರು’ ಎನಿಸಿಕೊಂಡ ಅನೇಕ ಹೆಂಗಸರು ದಿನವಿಡೀ ದುಡಿಯುತ್ತಿದ್ದರು. ‘ಏನು ಕೆಲಸ ಮಾಡ್ತೀಯಮ್ಮ?’ ಎಂದು ಕೇಳಿದರೆ ‘ಮನೇಲೇ ಇದೀನಿ’ ಎಂಬ ಉತ್ತರ ಬರುತ್ತದೆ. ‘ಬೆಳಿಗ್ಗೆ ಎದ್ದಾಗಿನಿಂದ ಏನೇನು ಮಾಡಿದೆ?’ ಎಂದು ಕೇಳಿದರೆ ಹಾಳೆ ಸಾಲುವುದಿಲ್ಲ. ಪ್ರಶ್ನೆಯ ಮಾತು ಬದಲಾದರೆ ಕೆಲಸ ಕಣ್ಣಿಗೆ ಬೀಳುತ್ತದೆ.

ಕರ್ನಾಟಕದ್ದೇ ಒಂದು ಅಧ್ಯಯನ ಈ ಕ್ಷೇತ್ರದ ಮೈಲಿಗಲ್ಲು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಕಟ್ಟಿದ ‘ಅಸ್ತ್ರ’ ತಂಡ, ಕುಣಿಗಲ್ ತಾಲ್ಲೂಕಿನ ಪುರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಶಕ್ತಿಯ ಬಳಕೆಯನ್ನು ಅಳೆಯಿತು. ಸೌದೆ, ಎತ್ತು, ಸೀಮೆಎಣ್ಣೆಯ ಜೊತೆಗೆ ಮನುಷ್ಯರ ದುಡಿಮೆಯನ್ನೂ ಶಕ್ತಿಯ ಮೂಲವೆಂದು ಲೆಕ್ಕಹಾಕಿದ್ದು ಅದರ ಹೆಚ್ಚುಗಾರಿಕೆ. ಆ ಅಂಕಿಗಳನ್ನು ಹಿಡಿದು ಶ್ರೀಲತಾ ಬಾಟ್ಲಿವಾಲಾ 1982ರಲ್ಲಿ ಬರೆದ ಲೇಖನದ ಪ್ರಕಾರ, ಮನೆಯ ಒಟ್ಟು ದುಡಿಮೆಯಲ್ಲಿ ಹೆಂಗಸರ ಪಾಲು ಶೇ 53, ಗಂಡಸರದು ಶೇ 31, ಮಕ್ಕಳದು ಶೇ 16. ನೀರು, ಸೌದೆ, ಅಡುಗೆ, ಹೊಲ ಎಲ್ಲವೂ ಸೇರಿದಾಗ ಹೆಣ್ಣಿನ ದೇಹ ಸವೆಯುವುದು ಗಂಡಿಗಿಂತ ಕಡಿಮೆಯಲ್ಲ, ತಟ್ಟೆಗೆ ಬೀಳುವ ಅನ್ನ ಮಾತ್ರ ಕಡಿಮೆ. ಸೌದೆ ನೀರಿನ ಹೊರೆ ಇಳಿಸುವುದೂ ಪೌಷ್ಟಿಕತೆಯ ಕಾರ್ಯಕ್ರಮವೇ ಎಂದು ಅವರು ವಾದಿಸಿದರು. ಅಶಕ್ತಳೆಂದು ಕರೆದವಳನ್ನು ಅಶಕ್ತಳಾಗಿಸಿದ್ದು ಯಾವುದೆಂಬುದಕ್ಕೆ ಇದಕ್ಕಿಂತ ನೇರ ಉತ್ತರ ಬೇಕಿಲ್ಲ.

ಹೊಲದಲ್ಲಿ ಸಂಬಳವಿಲ್ಲದೆ ದುಡಿಯುವುದೂ ಕೆಲಸವೆಂದು 1991ರ ಜನಗಣತಿ ಪ್ರಶ್ನೆಯಲ್ಲೇ ಸ್ಪಷ್ಟಪಡಿಸಿತು. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಲ್ಲಿ, ಕೂಲಿಯಿಲ್ಲದ ಮನೆಗೆಲಸಕ್ಕೆ ಅದನ್ನು ಮಾಡುವ ಹೆಂಗಸರು ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ ಕೊಡುತ್ತಿದ್ದರು.

ಕಾನೂನಿನ ಮಾತು, ನ್ಯಾಯಾಲಯದ ಮಾತು

ನಮ್ಮ ಸಂವಿಧಾನದ 39ನೇ ವಿಧಿ ಸ್ತ್ರೀ ಪುರುಷರಿಬ್ಬರಿಗೂ ಸಮಾನ ಕೆಲಸಕ್ಕೆ ಸಮಾನ ವೇತನ ಎನ್ನುತ್ತದೆ. ಅದರ ಮುಂದಿನ ಸಾಲೇ, ವಯಸ್ಸಿಗೂ ಶಕ್ತಿಗೂ ಹೊಂದದ ಕಸುಬಿಗೆ ನಾಗರಿಕರನ್ನು ಬಡತನ ದೂಡಬಾರದೆಂದು ಹೇಳುತ್ತದೆ. ಅಲ್ಲಿ ಶಕ್ತಿಯ ಮಾತು ಬರುವುದು ನಾಗರಿಕರೆಲ್ಲರ ಕುರಿತು. ಅಶಕ್ತಿಯನ್ನು ಹೆಣ್ಣಿನ ಹೆಸರಿಗೆ ಬರೆದದ್ದು ನಮ್ಮ ರೂಢಿ, ಸಂವಿಧಾನವಲ್ಲ.

1975ರ ಸುಗ್ರೀವಾಜ್ಞೆ, ಅದರ ಬೆನ್ನಿಗೆ 1976ರ ಸಮಾನ ವೇತನ ಕಾಯ್ದೆ ಬಂದವು. ಒಂದೇ ಬಗೆಯ ಕೆಲಸಕ್ಕೆ ಹೆಣ್ಣಿಗೆ ಕಡಿಮೆ ಕೊಡುವಂತಿಲ್ಲ, ಸಮಾನ ಮಾಡುವ ನೆಪದಲ್ಲಿ ಯಾರ ಕೂಲಿಯನ್ನೂ ಇಳಿಸುವಂತಿಲ್ಲ ಎಂದಿತು ಕಾಯ್ದೆ. ಈ ವಿಷಯ ಈಗ 2019ರ ವೇತನ ಸಂಹಿತೆಯಲ್ಲಿ ಸೇರಿದೆ. 1987ರಲ್ಲಿ ಆಡ್ರೆ ಡಿಕೋಸ್ಟಾ ಎಂಬ ಶೀಘ್ರಲಿಪಿಗಾರ್ತಿಯ ಮೊಕದ್ದಮೆಯಲ್ಲಿ, ಹಣವಿಲ್ಲವೆಂಬ ಕಾರಣ ಹೇಳಿ ಕಂಪನಿ ಈ ಹೊಣೆಯಿಂದ ನುಣುಚಿಕೊಳ್ಳಲಾಗದೆಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಆದರೆ ಕಾನೂನಿಗೆ ಒಂದು ಸಂದಿ ಉಳಿಯಿತು: ಕೆಲಸ ಬೇರೆ ಎಂದುಬಿಟ್ಟರೆ ಕೂಲಿಯೂ ಬೇರೆಯಾಗಬಹುದು. ನಾಟಿ ಕಳೆ ಹೆಣ್ಣಾಳಿನದು, ಉಳುಮೆ ಗಂಡಾಳಿನದು. ಗಾರೆ ಕೆಲಸದಲ್ಲಿ ಕರಣೆ ಗಂಡಸಿನದು, ತಲೆಯ ಮೇಲೆ ಇಟ್ಟಿಗೆ ಹೊರುವುದು ಹೆಂಗಸಿನದು. ವಿಚಿತ್ರವೆಂದರೆ ಇಲ್ಲಿ ಭಾರ ಹೊರುವವಳೇ ಕಡಿಮೆ ಕೂಲಿಯವಳು. ಹೊಲದಲ್ಲಿ ಬಲದ ಕಾರಣ, ಕಟ್ಟಡದಲ್ಲಿ ಕೌಶಲದ ಕಾರಣ. ಕಾರಣ ಬದಲಾಗುತ್ತದೆ, ಕಲಂ ಬದಲಾಗುವುದಿಲ್ಲ.

2005ರ ಉದ್ಯೋಗ ಖಾತರಿ ಕಾಯ್ದೆ ಆ ಕಲಮನ್ನು ಅಳಿಸಿ ತೋರಿಸಿತು. ಕೆರೆಯ ಹೂಳೆತ್ತುವ, ಬದು ಹಾಕುವ ಮಣ್ಣಿನ ಕೆಲಸಕ್ಕೆ ಎಲ್ಲರಿಗೂ ಒಂದೇ ದರ. ದೇಶದ ಮಟ್ಟದಲ್ಲಿ ಹಲವು ವರ್ಷ ಮಾನವ ದಿನಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಹೆಂಗಸರದಾಯಿತು. ಗುದ್ದಲಿ ಹಿಡಿಯಲಾರರು ಎಂದವರ ಮಾತಿಗೆ ಹಾಜರಿ ಪುಸ್ತಕವೇ ಉತ್ತರ ಕೊಟ್ಟಿತು.

ಸೇನೆಯಲ್ಲಿ ಹೆಂಗಸರಿಗೆ ಕಾಯಂ ಹುದ್ದೆಯ ವಿಚಾರದಲ್ಲಿ ಸರ್ಕಾರ ದೈಹಿಕ ಮಿತಿಯ ವಾದ ಮುಂದಿಟ್ಟಾಗ, 2020ರ ಫೆಬ್ರುವರಿ 17ರಂದು ಬಬಿತಾ ಪುನಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. 2023ರ ಆಗಸ್ಟ್‌ನಲ್ಲಿ ಅದೇ ನ್ಯಾಯಾಲಯ ಲಿಂಗ ಪೂರ್ವಗ್ರಹಗಳ ಕುರಿತು ಕೈಪಿಡಿಯೊಂದನ್ನು ಹೊರತಂದಿತು. ತೀರ್ಪು ಬರೆಯುವ ಭಾಷೆಯಲ್ಲೇ ಅನ್ಯಾಯ ಅಡಗಿರಬಲ್ಲದೆಂದು ಒಪ್ಪಿದ್ದು ದೊಡ್ಡ ಹೆಜ್ಜೆ.

ಸ್ನಾಯು ಹೇಳುವುದೇನು

ದೇಹಗಳ ನಡುವೆ ಅಂತರವೇ ಇಲ್ಲವೆಂದು ವಾದಿಸಬೇಕಿಲ್ಲ. ಸರಾಸರಿಯಲ್ಲಿ ಗಂಡಸರ ತೋಳು ಭುಜಗಳ ಬಲ ಹೆಚ್ಚು. ಆದರೆ ಸರಾಸರಿಗೆ ಕೂಲಿ ಕೊಡುವುದಿಲ್ಲ, ಎದುರಿಗೆ ನಿಂತ ಆಳಿಗೆ ಕೊಡುತ್ತೇವೆ. ಹೆಚ್ಚು ಭಾರ ಎತ್ತಿದ ಗಂಡಸಿಗೆ, ಪಕ್ಕದ ಸೋತ ಗಂಡಸಿಗಿಂತ ಹೆಚ್ಚು ದಿನಗೂಲಿ ಕೊಟ್ಟ ಊರನ್ನು ನಾನು ಕಂಡಿಲ್ಲ. ಗಂಡಸರ ನಡುವೆ ಅಳೆಯದ ಬಲವನ್ನು ಹೆಂಗಸಿನ ಸರದಿ ಬಂದಾಗ ಮಾತ್ರ ಅಳೆಯುತ್ತೇವೆ.

ಬಲಕ್ಕೆ ಬೇರೆ ರೂಪಗಳೂ ಇವೆ. ಕೆನ್ಯಾದ ಲುವೊ ಮತ್ತು ಕಿಕುಯು ಹೆಂಗಸರು ತಮ್ಮ ದೇಹತೂಕದ ಐದರಲ್ಲಿ ಒಂದು ಭಾಗದಷ್ಟು ಹೊರೆಯನ್ನು ಹೆಚ್ಚುವರಿ ಶಕ್ತಿ ವ್ಯಯವಿಲ್ಲದೆ ಹೊರಬಲ್ಲರೆಂದು 1986ರಲ್ಲಿ ‘ನೇಚರ್’ ಪತ್ರಿಕೆಯ ಅಧ್ಯಯನ ದಾಖಲಿಸಿತು. ಒಲಿಂಪಿಕ್ಸ್‌ನ ಭಾರ ಎತ್ತುವ ಸ್ಪರ್ಧೆ ಹೆಂಗಸರಿಗೆ ತೆರೆದದ್ದೇ 2000ದಲ್ಲಿ. ಆ ಮೊದಲ ಸಲವೇ ಕರ್ಣಂ ಮಲ್ಲೇಶ್ವರಿ ಒಟ್ಟು 240 ಕೆ.ಜಿ. ಎತ್ತಿ ಕಂಚು ತಂದರು. ಟೋಕಿಯೋದಲ್ಲಿ 49 ಕೆ.ಜಿ. ವರ್ಗದ ಮೀರಾಬಾಯಿ ಚಾನು ಒಂದೇ ಸಲಕ್ಕೆ 115 ಕೆ.ಜಿ. ಎತ್ತಿದರು. ಬಾಗಿಲು ತೆರೆದ ಮೇಲಷ್ಟೇ ಬಲ ಕಂಡಿತು.

ಹೊಸ ಪದಗಳಲ್ಲೂ ಹಳೆಯ ತೂಕ ಉಳಿದಿದೆ. ಲೈನ್‌ಮ್ಯಾನ್ ಹುದ್ದೆ ಪವರ್‌ಮ್ಯಾನ್ ಆಯಿತು, ಆದರೆ ‘ಮ್ಯಾನ್’ ಹಾಗೇ ಇದೆ. ಅಂಗನವಾಡಿ, ಆಶಾ ಕಾರ್ಯಕರ್ತೆಯರು ಪಡೆಯುವುದಕ್ಕೆ ವೇತನವೆನ್ನದೆ ‘ಗೌರವಧನ’ ಎನ್ನುತ್ತೇವೆ. ‘ರೈತ’ ಎಂದಾಗ ಕಣ್ಣ ಮುಂದೆ ಬರುವುದು ಗಂಡಸೇ, ಅವಳು ‘ರೈತನ ಹೆಂಡತಿ’. ಪೌರಕಾರ್ಮಿಕರು ಎಂಬ ಪದ ಮಾತ್ರ ಗಂಡು ಹೆಣ್ಣಿನ ಗೆರೆ ಎಳೆಯದೆ ಕೆಲಸವನ್ನಷ್ಟೇ ಹೆಸರಿಸುತ್ತದೆ. ಅಂಥ ಪದಗಳನ್ನು ನಾವು ಕಟ್ಟಬಲ್ಲೆವು.

ಕಾನೂನು ತನ್ನ ಮಾತು ಹೇಳಿದೆ, ಅಂಕಿ ಅಂಶಗಳು ತಮ್ಮ ಮಾತು ಹೇಳಿವೆ. ಉಳಿದಿರುವುದು ಜಗಲಿಯ ಮೇಲಿನ ಆ ಪುಸ್ತಕ. ಹೊಲವಿರುವವರು, ಮನೆ ಕಟ್ಟಿಸುವವರು, ತೋಟದ ಕೆಲಸಕ್ಕೆ ಜನ ಕರೆಯುವವರು ಈ ಸಲ ಅದರಲ್ಲಿ ಒಂದೇ ಕಲಂ ಎಳೆಯಿರಿ. ಅದರ ಮೇಲೆ ‘ಆಳು’ ಎಂದು ಬರೆಯಿರಿ, ಕೆಳಗೆ ಒಂದೇ ದರ ಬರೆಯಿರಿ. ಕನ್ನಡದಲ್ಲಿ ಆ ಪದಕ್ಕೆ ಮೊದಲಿನಿಂದಲೂ ಲಿಂಗವಿಲ್ಲ.