ಸಾಬೂನು ಕಾರ್ಖಾನೆಯ ರತ್ನಗಂಬಳಿಗಳು

ಗ್ರಂಥಾಲಯವೆಂದರೆ ನಮ್ಮ ಕಣ್ಣೆದುರು ಬರುವುದು ಪುಸ್ತಕಗಳ ಕಪಾಟು. ಆದರೆ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಸ್ಯಾನ್ ಮರೀನೋ ಎಂಬ ಊರಿನಲ್ಲಿ ಒಂದು ಬಂಗಲೆಯಿದೆ. ಅದರ ದೊಡ್ಡ ಗ್ರಂಥಾಲಯ ಕೋಣೆಯಲ್ಲಿ ನೋಡುಗರ ಕಣ್ಣು ಮೊದಲು ಹೋಗುವುದು ಪುಸ್ತಕಗಳ ಕಡೆಗಲ್ಲ, ಗೋಡೆಯ ಮೇಲಿನ ನೇಯ್ಗೆಯ ಚಿತ್ರಗಳ ಕಡೆಗೆ ಮತ್ತು ನೆಲದ ರತ್ನಗಂಬಳಿಗಳ ಕಡೆಗೆ. ಎಲ್ಲವೂ ಫ್ರಾನ್ಸಿನವು. ಈ ವಸ್ತುಗಳು ಅಲ್ಲಿಗೆ ಬಂದ ಕಥೆಯಲ್ಲೂ, ಅವನ್ನು ಇಂದು ಕಾಯುವ ರೀತಿಯಲ್ಲೂ ನಾವು ಕಲಿಯಬೇಕಾದ್ದು ಬಹಳಷ್ಟಿದೆ.

ಬಂಗಲೆಯ ಒಡೆಯ ಹೆನ್ರಿ ಹಂಟಿಂಗ್ಟನ್. ಆತನ ಚಿಕ್ಕಪ್ಪ ಕಾಲಿಸ್ ಹಂಟಿಂಗ್ಟನ್ ಅಮೆರಿಕದ ರೈಲು ಉದ್ಯಮದ ದೊರೆಗಳಲ್ಲಿ ಒಬ್ಬ. 1900ರಲ್ಲಿ ಕಾಲಿಸ್ ತೀರಿಕೊಂಡಾಗ ಅವನ ಸಂಪತ್ತು ಪತ್ನಿ ಅರಬೆಲ್ಲಾ ಮತ್ತು ಹೆನ್ರಿಯ ಪಾಲಿಗೆ ಬಂತು. ಮುಂದೆ 1913ರಲ್ಲಿ ಇವರಿಬ್ಬರೂ ಮದುವೆಯಾದರು. ಮೈರನ್ ಹಂಟ್ ಮತ್ತು ಎಲ್ಮರ್ ಗ್ರೇ ಎಂಬ ವಾಸ್ತುಶಿಲ್ಪಿಗಳು ರೂಪಿಸಿದ ಈ ಮನೆ ಆ ಹೊತ್ತಿಗೆ ಎದ್ದು ನಿಂತಿತ್ತು. ಫ್ರೆಂಚ್ ಕಲಾವಸ್ತುಗಳ ಮೋಹ ಮುಖ್ಯವಾಗಿ ಅರಬೆಲ್ಲಾರದು. 1909ರಲ್ಲಿ ಡುವೀನ್ ಎಂಬ ಪ್ರಸಿದ್ಧ ವ್ಯಾಪಾರಿ ಮನೆತನದ ಮೂಲಕ, ಪ್ಯಾರಿಸಿನ ರೊಡಾಲ್ಫ್ ಕಾನ್ ಸಂಗ್ರಹದಿಂದ ಹಲವು ವಸ್ತುಗಳು ಅವರ ಕೈಸೇರಿದವು. ಅವುಗಳಲ್ಲಿ ಚಿತ್ರಕಾರ ಬೂಷೆಯ ವಿನ್ಯಾಸದಂತೆ ಬೋವೇ ಕಾರ್ಖಾನೆಯಲ್ಲಿ ನೇಯ್ದ ಗೋಡೆತೆರೆಗಳಿದ್ದವು. ಸಂಗ್ರಹದಲ್ಲಿರುವ ಎರಡು ಸಾವೊನೆರಿ ರತ್ನಗಂಬಳಿಗಳಂತೂ ಸಾಕ್ಷಾತ್ 14ನೇ ಲೂಯಿ ದೊರೆಯ ಲೂವ್ರ್ ಅರಮನೆಗಾಗಿ ತಯಾರಾದವು.

ಸಾವೊನೆರಿ ಎಂದರೇನು? ಫ್ರೆಂಚ್ ಭಾಷೆಯಲ್ಲಿ ಸಾಬೂನು ತಯಾರಿಸುವ ಜಾಗ. ರಾಜರ ಪಾದಕ್ಕೆ ಮೀಸಲಾದ ಗಂಬಳಿಗೆ ಸಾಬೂನಿನ ಹೆಸರು ಬಂದದ್ದು ಕುತೂಹಲದ ಸಂಗತಿ. 16ನೇ ಶತಮಾನದಲ್ಲಿ ಯೂರೋಪಿನ ಶ್ರೀಮಂತರಿಗೆ ತುರ್ಕಿ ಮತ್ತು ಇರಾನಿನ ಗಂಬಳಿಗಳ ಹುಚ್ಚು ಹಿಡಿದಿತ್ತು. ಹಣವೆಲ್ಲ ಪೂರ್ವದ ಕಡೆ ಹರಿದುಹೋಗುವುದನ್ನು ಕಂಡ ಫ್ರಾನ್ಸಿನ 4ನೇ ಹೆನ್ರಿ, ಅಂಥ ಗಂಬಳಿಗಳನ್ನು ತನ್ನ ನೆಲದಲ್ಲೇ ನೇಯಿಸಲು ನಿರ್ಧರಿಸಿದ. 1608ರಲ್ಲಿ ಪಿಯೆರ್ ದ್ಯುಪೋಂ ಎಂಬ ಕುಶಲಕರ್ಮಿಗೆ ಲೂವ್ರ್ ಅರಮನೆಯಲ್ಲೇ ಜಾಗ ಕೊಟ್ಟ. ನಂತರ ದ್ಯುಪೋಂನ ಶಿಷ್ಯ ಸಿಮೋಂ ಲೂರ್ದೆ, ಸೇನ್ ನದಿಯ ದಡದ ಶಾಯೋ ಎಂಬಲ್ಲಿದ್ದ ಹಳೆಯ ಸಾಬೂನು ಕಾರ್ಖಾನೆಯಲ್ಲಿ ಮಗ್ಗಗಳನ್ನು ಹೂಡಿದ. ಹೆಸರು ಅಲ್ಲಿಂದಲೇ ಅಂಟಿಕೊಂಡಿತು.

ವಿನ್ಯಾಸ ಫ್ರೆಂಚರದ್ದಾದರೂ ಗಂಟು ತುರ್ಕರದ್ದೇ. ಅನತೋಲಿಯಾದ ಹಳ್ಳಿಯ ಹೆಂಗಸರು ಹಾಕುತ್ತಿದ್ದ ಅದೇ ಜೋಡಿಗಂಟನ್ನು ಸಾವೊನೆರಿಯ ನೇಕಾರರೂ ಹಾಕಿದರು. ಇಂಥ ಗಂಬಳಿಗಳನ್ನು ಅಲ್ಲಿ 'ತುರ್ಕಿ ಮಾದರಿ' ಎಂದೇ ಕರೆಯುತ್ತಿದ್ದರು. ಆ ಕಾಲದ ಫ್ರೆಂಚ್ ಗ್ರಂಥಾಲಯದ ಇತರ ವಸ್ತುಗಳಲ್ಲೂ ಇದೇ ಗುರುತುಗಳು ಸಿಗುತ್ತವೆ. ಬೆಲೆಬಾಳುವ ಪುಸ್ತಕಗಳಿಗೆ ಹೊದಿಸುತ್ತಿದ್ದ ಮೇಕೆಯ ಚರ್ಮಕ್ಕೆ ಮೊರಾಕೊ ದೇಶದ ಹೆಸರೇ ಇದೆ. ಕುಳಿತುಕೊಳ್ಳುವ ಸೋಫಾದ ಮೂಲ 'ಸುಫ್ಫಾ' ಎಂಬ ಅರಬಿ ಪದ. ಮದೀನಾದ ಮಸೀದಿಯ ಸುಫ್ಫಾದಲ್ಲಿ ಆಶ್ರಯ ಪಡೆದು ವಿದ್ಯೆ ಕಲಿತವರು ಮನೆಮಠವಿಲ್ಲದ ಬಡವರು. ಅದೇ ಪದ ಶತಮಾನಗಳ ಪ್ರಯಾಣದಲ್ಲಿ ಸಿರಿವಂತರ ಮೆತ್ತನೆಯ ಆಸನವಾಯಿತು. ನಾಗರಿಕತೆಗಳ ನಡುವೆ ಗೋಡೆ ಕಟ್ಟಬಯಸುವವರು ಇಂಥ ಕೋಣೆಯೊಂದರಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು.

14ನೇ ಲೂಯಿಯ ಕಾಲದಲ್ಲಿ ಲೂವ್ರ್‌ನ ಮಹಾ ಮೊಗಸಾಲೆಗಾಗಿ 93 ಗಂಬಳಿಗಳಿಗೆ ಆದೇಶ ಹೋಯಿತು. ಆಸ್ಥಾನ ಚಿತ್ರಕಾರ ಲ ಬ್ರನ್ ಅದರ ಹೊಣೆ ಹೊತ್ತ. ಕೆಲಸ ಮುಗಿಯುವ ಮೊದಲೇ ರಾಜನ ಮನಸ್ಸು ವರ್ಸೇಯ್ ಕಡೆ ಹೊರಳಿ, 1682ರಲ್ಲಿ ಆಸ್ಥಾನವೇ ಅಲ್ಲಿಗೆ ಹೋಯಿತು. 1789ರ ಕ್ರಾಂತಿಯ ಬಳಿಕ ಹಲವು ಗಂಬಳಿಗಳು ಸರ್ಕಾರದ ಸಾಲಗಾರರ ಪಾಲಾಗಿ ಲೋಕವೆಲ್ಲ ಚದುರಿದವು. ಅವುಗಳಲ್ಲಿ ಎರಡು ಕೊನೆಗೆ ಕ್ಯಾಲಿಫೋರ್ನಿಯಾ ತಲುಪಿದವು.

ಈ ಸೌಂದರ್ಯದ ಹಿಂದಿನ ಬೆವರನ್ನು ನಾವು ಮರೆಯಬಾರದು. ಸಾವೊನೆರಿಯ ಮಗ್ಗಗಳಲ್ಲಿ ಕೂರಿಸಿ ಕೆಲಸ ಕಲಿಸಿದ್ದು ಅನಾಥ ಮಕ್ಕಳಿಗೆ. ಆ ಮಕ್ಕಳಿಗೆ ಕಸುಬು ಸಿಕ್ಕಿತೆಂಬುದು ನಿಜ, ಅವರ ಬಾಲ್ಯ ಮಗ್ಗದ ಮುಂದೆ ಕಳೆಯಿತೆಂಬುದೂ ನಿಜ. ಫ್ರೆಂಚ್ ಪೀಠೋಪಕರಣಗಳ ಕಂಚಿಗೆ ಚಿನ್ನದ ಹೊಳಪು ಕೊಡಲು ಪಾದರಸದಲ್ಲಿ ಚಿನ್ನ ಬೆರೆಸಿ ಸವರಿ, ಬೆಂಕಿಯಲ್ಲಿ ಪಾದರಸವನ್ನು ಆವಿಯಾಗಿಸುತ್ತಿದ್ದರು. ಆ ವಿಷಗಾಳಿಯಿಂದ ಕೆಲಸಗಾರರ ಕೈಕಾಲು ನಡುಗುತ್ತಿತ್ತು, ಆಯುಸ್ಸು ಕುಗ್ಗುತ್ತಿತ್ತು. ಇವನ್ನೆಲ್ಲ ಕೊಂಡ ಹಂಟಿಂಗ್ಟನ್ ಸಂಪತ್ತಿನ ಬುಡದಲ್ಲಿರುವುದು ಸೆಂಟ್ರಲ್ ಪೆಸಿಫಿಕ್ ರೈಲುಮಾರ್ಗ. ಅದಕ್ಕಾಗಿ ಬೆಟ್ಟ ಕಡಿದವರು ಸಾವಿರಾರು ಚೀನೀ ಕೂಲಿಗಳು. ಕೋಣೆಯ ಗೋಡೆಗಳ ಮೇಲೆ ಇವರ ಯಾರ ಹೆಸರೂ ಇಲ್ಲ.

ಇನ್ನು ಕಾಪಿಡುವ ಕೆಲಸಕ್ಕೆ ಬರೋಣ. ಉಣ್ಣೆ ಮತ್ತು ರೇಷ್ಮೆಯ ಮೊದಲ ಶತ್ರು ಬೆಳಕು. ಗಿಡಮೂಲಿಕೆಗಳ ಬಣ್ಣ ಒಮ್ಮೆ ಮಾಸಿದರೆ ಮತ್ತೆ ಬರುವುದಿಲ್ಲ. ಬೆಳಕಿನ ಹಾನಿ ದಿನದಿಂದ ದಿನಕ್ಕೆ ಕೂಡುತ್ತಲೇ ಹೋಗುತ್ತದೆ. ಅದಕ್ಕಾಗಿ ನೇಯ್ಗೆಯ ವಸ್ತುಗಳಿರುವಲ್ಲಿ ಬೆಳಕು ಸುಮಾರು 50 ಲಕ್ಸ್ ಮೀರಬಾರದೆಂಬುದು ಸಂಗ್ರಹಾಲಯಗಳು ಸಾಮಾನ್ಯವಾಗಿ ಪಾಲಿಸುವ ನಿಯಮ. ಕಿಟಕಿಗೆ ಪರದೆ ಇಳಿಬಿಡುತ್ತಾರೆ, ಅತಿನೇರಳೆ ಕಿರಣ ತಡೆಯುವ ಪದರ ಅಂಟಿಸುತ್ತಾರೆ. ತೂಗುಹಾಕಿದ ಗೋಡೆತೆರೆ ತನ್ನ ಭಾರಕ್ಕೆ ತಾನೇ ಹರಿಯುತ್ತದೆ, ಆದ್ದರಿಂದ ಹಿಂಬದಿಗೆ ಗಟ್ಟಿ ಬಟ್ಟೆಯ ಆಸರೆ ಹೊಲಿಯುತ್ತಾರೆ. ಧೂಳನ್ನು ಕೊಡವುವುದಿಲ್ಲ, ಜಾಲರಿಯ ಮೇಲಿಂದ ಮೆಲ್ಲಗೆ ಹೀರಿಸುತ್ತಾರೆ. ಗಂಬಳಿಯನ್ನು ಮಡಚುವುದಿಲ್ಲ, ಸುತ್ತಿಡುತ್ತಾರೆ. ನುಸಿಗೆ ಬಲೆ ಇಡುತ್ತಾರೆ. ಗಾಳಿ ಒಣಗಿದರೆ ಮರದ ಕುಸುರಿ ಚೂರುಗಳು ಎದ್ದುಬರುತ್ತವೆ, ತೇವ ಹೆಚ್ಚಿದರೆ ಬೂಷ್ಟು ಹಿಡಿಯುತ್ತದೆ. ಚಿನ್ನದ ಲೇಪವನ್ನು ಉಜ್ಜಿ ಹೊಳೆಯಿಸುವುದು ಮಹಾಪರಾಧ, ಏಕೆಂದರೆ ಉಜ್ಜಿದಷ್ಟೂ ಚಿನ್ನವೇ ಹೋಗುತ್ತದೆ.

ಇಷ್ಟೆಲ್ಲ ಎಚ್ಚರವಿದ್ದರೂ ಆಪತ್ತು ತಪ್ಪಲಿಲ್ಲ. 1985ರ ಅಕ್ಟೋಬರ್‌ನಲ್ಲಿ ಬಂಗಲೆಯ ಲಿಫ್ಟ್ ಭಾಗದಲ್ಲಿ ಬೆಂಕಿ ಹೊತ್ತಿ, ರೆನಾಲ್ಡ್ಸ್ ಬರೆದ ಭಾವಚಿತ್ರವೊಂದು ಸುಟ್ಟುಹೋಯಿತು. ಮನೆಯನ್ನು ಮತ್ತೆ ಸರಿಪಡಿಸಬೇಕಾಯಿತು. ಮುಂದೆ ದೊಡ್ಡ ನವೀಕರಣವೂ ನಡೆದು 2008ರಲ್ಲಿ ಬಾಗಿಲು ತೆರೆಯಿತು. ಕಾಪಿಡುವುದು ಒಮ್ಮೆ ಮಾಡಿ ಮುಗಿಸುವ ಕೆಲಸವಲ್ಲ.

ಇಲ್ಲಿ ನಮ್ಮ ನಾಡಿನ ಒಂದು ನೆನಪು ಬರುತ್ತದೆ. ಹಂಟಿಂಗ್ಟನ್ ಸಂಗ್ರಹದಲ್ಲಿ ಸೇವ್ರ್ ಕಾರ್ಖಾನೆಯ ಪಿಂಗಾಣಿಯೂ ಇದೆ. 1788ರಲ್ಲಿ ಟಿಪ್ಪು ಸುಲ್ತಾನರ ಮೂವರು ರಾಯಭಾರಿಗಳು ವರ್ಸೇಯ್‌ನಲ್ಲಿ 16ನೇ ಲೂಯಿಯನ್ನು ಕಂಡಾಗ ಕೇಳಿದ್ದು ಆಂಗ್ಲರ ವಿರುದ್ಧ ಸೈನಿಕ ನೆರವು. ಅದು ಸಿಗಲಿಲ್ಲ. ಸಿಕ್ಕಿದ ಉಡುಗೊರೆಗಳಲ್ಲಿ ಅದೇ ಸೇವ್ರ್ ಪಿಂಗಾಣಿಯಿತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಸುಲ್ತಾನರ ಅರಮನೆಯ ಸಂಪತ್ತು ಲೂಟಿಯಾಯಿತು, ಗ್ರಂಥಾಲಯದ ಪುಸ್ತಕಗಳೂ ಪರರ ಪಾಲಾದವು. ಒಂದು ವಸ್ತು ಎಲ್ಲಿ ಉಳಿಯುತ್ತದೆ ಎಂಬುದನ್ನು ಅದರ ಚೆಲುವು ನಿರ್ಧರಿಸುವುದಿಲ್ಲ, ಗೆದ್ದವರ ಬಲ ಮತ್ತು ಕಾಯುವವರ ಶ್ರದ್ಧೆ ನಿರ್ಧರಿಸುತ್ತವೆ.

1919ರಲ್ಲಿ ಹಂಟಿಂಗ್ಟನ್ ದಂಪತಿ ತಮ್ಮ ಸಂಗ್ರಹವನ್ನು ಟ್ರಸ್ಟ್‌ಗೆ ಬರೆದುಕೊಟ್ಟರು. 1924ರಲ್ಲಿ ಅರಬೆಲ್ಲಾ, 1927ರಲ್ಲಿ ಹೆನ್ರಿ ತೀರಿಕೊಂಡರು. 1928ರಲ್ಲಿ ಮನೆ ಸಾರ್ವಜನಿಕರಿಗೆ ತೆರೆಯಿತು. ಇದು ನಮ್ಮ ವಕ್ಫ್ ಕಲ್ಪನೆಗೆ ಬಹಳ ಹತ್ತಿರದ್ದು. ವಕ್ಫ್ ಆಸ್ತಿಯ ಆದಾಯವನ್ನು ಮೊದಲು ಆ ಆಸ್ತಿಯ ದುರಸ್ತಿಗೇ ಖರ್ಚು ಮಾಡಬೇಕು, ಉಳಿದದ್ದು ಮಾತ್ರ ಬೇರೆ ಉದ್ದೇಶಗಳಿಗೆ ಎಂದು ನಮ್ಮ ಧರ್ಮಶಾಸ್ತ್ರಜ್ಞರು ಶತಮಾನಗಳ ಹಿಂದೆಯೇ ಹೇಳಿದ್ದಾರೆ. ಕಟ್ಟುವುದಕ್ಕಿಂತ ಕಾಯುವುದು ದೊಡ್ಡದೆಂದು ಬಲ್ಲವರ ಮಾತದು. ಹೊಸ ಮಿನಾರಕ್ಕೆ ಚಂದಾ ಎತ್ತುವಾಗ ನಮಗಿರುವ ಉತ್ಸಾಹ, ಹಳೆಯ ಕಪಾಟಿನಲ್ಲಿ ಗೆದ್ದಲು ಹಿಡಿಯುತ್ತಿರುವ ಕೈಬರಹದ ಗ್ರಂಥಗಳ ಬಗ್ಗೆ ಇದೆಯೇ? ನಮ್ಮ ಹಿರಿಯರು ನಮ್ಮ ಕೈಗಿತ್ತು ಹೋದದ್ದು ಅಮಾನತು. ಅದರ ಲೆಕ್ಕವನ್ನು ನಾವು ಕೊಡಬೇಕಾಗುತ್ತದೆ. ಧೂಳು ಒರೆಸುವುದರಿಂದಲೇ ಅದನ್ನು ಆರಂಭಿಸಬಹುದು, ಆದರೆ ಮೆಲ್ಲಗೆ.