ಕೇಳಿದ ಕುಣಿತ

1952ರಲ್ಲಿ ಕೇಂದ್ರದ ಪ್ರಸಾರ ಮಂತ್ರಿಯಾದ ಬಿ.ವಿ. ಕೇಸ್ಕರ್ ಅವರಿಗೆ ಸಿನಿಮಾ ಹಾಡೆಂದರೆ ಆಗುತ್ತಿರಲಿಲ್ಲ. ಶಾಸ್ತ್ರೀಯ ಸಂಗೀತ ಕೇಳಿ ಜನರ ಅಭಿರುಚಿ ಸುಧಾರಿಸಬೇಕೆಂದು ಅವರ ಆಸೆ. ಆಕಾಶವಾಣಿಯಲ್ಲಿ ಸಿನಿಮಾ ಹಾಡಿನ ಪಾಲು ಮೊದಲು ಇಳಿಯಿತು, ಬಳಿಕ ನಿರ್ಮಾಪಕರೊಡನೆ ಜಗಳವಾಗಿ ಪೂರ್ತಿ ನಿಂತೇಹೋಯಿತು. ಜನರೇನೂ ಸುಧಾರಿಸಲಿಲ್ಲ, ರೇಡಿಯೋದ ತಿರುಗಣೆ ತಿರುಗಿಸಿ ಕೊಲಂಬೋಗೆ ಹೋದರು! ಅಲ್ಲಿ ಎರಡನೆಯ ಮಹಾಯುದ್ಧದಲ್ಲಿ ಮಿತ್ರಸೇನೆ ಬಳಸಿದ್ದ ಬಲವಾದ ಟ್ರಾನ್ಸ್‌ಮಿಟರ್ ಇತ್ತು. ಅದೇ ರೇಡಿಯೋ ಸಿಲೋನ್. ಆ ವರ್ಷದ ಕೊನೆಗೆ ಅಮೀನ್ ಸಯಾನಿಯವರ ಬಿನಾಕಾ ಗೀತಮಾಲಾ ಶುರುವಾಯಿತು. ಮುಂಬಯಿಯಲ್ಲಿ ಧ್ವನಿಮುದ್ರಣವಾಗಿ, ಟೇಪು ಸಮುದ್ರ ದಾಟಿ ಕೊಲಂಬೋ ಸೇರಿ, ಅಲ್ಲಿಂದ ಶಾರ್ಟ್‌ವೇವ್‌ನಲ್ಲಿ ಅದು ಬೆಳ್ತಂಗಡಿಗೂ ಬಂತು.

ಬೆಳ್ತಂಗಡಿ ನನ್ನ ಅಮ್ಮನ ಊರು. ಆಗ ರೇಡಿಯೋ ಇದ್ದ ಮನೆಗಳು ಬೆರಳೆಣಿಕೆಯವು. ವರ್ಷವರ್ಷ ಅಂಚೆಕಛೇರಿಯಲ್ಲಿ ಅದಕ್ಕೆ ಲೈಸನ್ಸಿನ ಹಣ ಕಟ್ಟಬೇಕಿತ್ತು. ಪಕ್ಕದ ಮನೆಯ ರೇಡಿಯೋ ಗಾಳಿ ಬೀಸಿದ ಕಡೆಗೆ ಸ್ವರ ಏರಿಸಿ ಇಳಿಸಿ ಹಾಡುತ್ತಿತ್ತಂತೆ. ಮನೆಮಾತು ತುಳು, ಶಾಲೆಯಲ್ಲಿ ಕನ್ನಡ, ಹಿಂದಿಯ ಒಂದಕ್ಷರವೂ ತಿಳಿಯದು. ಆದರೂ ಅಮ್ಮನಿಗೆ ಎಷ್ಟೋ ಹಾಡುಗಳು ಬಾಯಿಪಾಠ, ಶಬ್ದಗಳು ಮಾತ್ರ ಅವರದೇ! ಸಿನಿಮಾ ನೋಡಲು ಮಂಗಳೂರಿಗೆ ಕರಕೊಂಡು ಹೋಗುವವರು ಯಾರಿದ್ದರು? ಹಾಡಿನೊಳಗಿನ ಕುಣಿತವನ್ನು ಅವರು ಕಿವಿಯಿಂದಲೇ ನೋಡಿದ್ದು.

ಈಚೆಗೆ ಮೊಬೈಲಿನಲ್ಲಿ ಹಳೆಯ ಸಿನಿಮಾಗಳನ್ನು ಹುಡುಕುವ ಚಟ ನನಗೆ ಹತ್ತಿದೆ. 1951ರ ‘ಅಲ್ಬೇಲಾ’ ಸಿಕ್ಕಿತು. ಸಿ. ರಾಮಚಂದ್ರರ ಸಂಗೀತ, ಕುಣಿಯುವವರು ಗೀತಾ ಬಾಲಿ ಮತ್ತು ಭಗವಾನ್. ಗೋವಾ ಮೂಲದ ಟ್ರಂಪೆಟ್ ವಾದಕ ಚಿಕ್ ಚಾಕಲೇಟ್ ತಮ್ಮ ಬ್ಯಾಂಡಿನೊಡನೆ ತೆರೆಯ ಮೇಲೂ ಕಾಣಿಸಿಕೊಳ್ಳುತ್ತಾರೆ. ಬಂಟ್ವಾಳ, ಮೂಡುಬಿದಿರೆ ಕಡೆ ಕ್ರೈಸ್ತರ ಮದುವೆಯ ಬ್ಯಾಂಡು ಕೇಳಿ ಬೆಳೆದವರಿಗೆ ಆ ಸ್ವರ ಪರಕೀಯವೆನಿಸದು. ಅಮ್ಮನನ್ನು ಕೂರಿಸಿ ತೋರಿಸಿದೆ. ಭಗವಾನ್ ಅವರದು ಭುಜ ಕುಲುಕಿಸಿ ಎರಡು ಹೆಜ್ಜೆ ಆಚೆ, ಎರಡು ಹೆಜ್ಜೆ ಈಚೆ ಇಡುವ ಸರಳ ಕುಣಿತ. ನನಗೆ ಅದರಲ್ಲೇ ಮೋಜು. ಅಮ್ಮ ಕನ್ನಡಕ ಸರಿಮಾಡಿಕೊಂಡು ಕೊನೆತನಕ ನೋಡಿ, “ಇಷ್ಟೆಯಾ? ನಾನು ಎಣಿಸಿದ್ದು ಬೇರೆಯೇ” ಎಂದರು.

ಅವರು ಎಣಿಸಿದ್ದು ಯಾವುದು? ಕೆದಕಿ ಕೇಳಿದ ಮೇಲೆ ತಿಳಿಯಿತು, ಆಟದ ಕುಣಿತ. ಕೊಯ್ಲಾದ ಗದ್ದೆಯಲ್ಲಿ, ಗ್ಯಾಸ್‌ಲೈಟಿನ ಬೆಳಕಿನಲ್ಲಿ ಅವರು ಕಂಡ ಯಕ್ಷಗಾನದ ಸ್ತ್ರೀವೇಷವೇ ರೇಡಿಯೋದ ಹಿಂದಿ ಹಾಡಿಗೂ ಕುಣಿಯುತ್ತಿತ್ತು. ಸ್ತ್ರೀವೇಷಕ್ಕೆ ಹೆಸರಾದ ಕೋಳ್ಯೂರು ರಾಮಚಂದ್ರ ರಾಯರಂಥವರ ಕಾಲ ಅದು. ರಂಗದ ಮೇಲಿನ ಹೆಣ್ಣು ಗಂಡಸು, ರೇಡಿಯೋದ ಹೆಣ್ಣು ಬರಿಯ ಸ್ವರ. ನಿಜವಾದ ಹುಡುಗಿ ಕುಣಿದರೆ? ಅಡಿಗೆಮನೆಯಲ್ಲಿ ತಂಗಿಯೊಡನೆ ಒಮ್ಮೆ ಕುಣಿದದ್ದಕ್ಕೆ ಅಜ್ಜಿ ಸೌಟು ಹಿಡಿದು ಬಂದಿದ್ದರಂತೆ. ಈಗ ನಮ್ಮ ಶಾಲೆಯ ವಾರ್ಷಿಕೋತ್ಸವದಲ್ಲಿ ಆರನೆಯ ಕ್ಲಾಸಿನ ಹುಡುಗಿಯರು ಬಣ್ಣ ಹಚ್ಚಿ ಕುಣಿಯುವಾಗ ನಾನು ಸ್ವಲ್ಪ ಹೆಚ್ಚೇ ಚಪ್ಪಾಳೆ ತಟ್ಟುತ್ತೇನೆ. ಸಹೋದ್ಯೋಗಿಗಳು ನಗುತ್ತಾರೆ.

ಅಮ್ಮ ಕಂಡ ಆ ಆಟವನ್ನೂ ನೋಡೋಣವೆಂದು ಹುಡುಕಿದೆ. ಮುಂಬಯಿಯ 1951 ಹಾಡು, ಕುಣಿತ, ಬ್ಯಾಂಡಿನ ಸಮೇತ ಅಂಗೈಯಲ್ಲಿ ಉಂಟು. ನಮ್ಮ ಗದ್ದೆಯ 1951 ನನ್ನ ಕೈಗೆ ಸಿಗಲಿಲ್ಲ. ದೀಪಾವಳಿ ಕಳೆದು ಹೊರಟ ಮೇಳಗಳು ಪತ್ತನಾಜೆಗೆ ಗೆಜ್ಜೆ ಬಿಚ್ಚುವ ತನಕ ರಾತ್ರಿಯಿಡೀ ಹಾಡಿ ಕುಣಿದರೂ ಆ ಗದ್ದೆಗೆ ಧ್ವನಿಮುದ್ರಣದ ಯಂತ್ರ ಹೊತ್ತು ಬರುವವರು ಯಾರಿದ್ದರು? ಮಂಗಳೂರಿಗೆ ಆಕಾಶವಾಣಿ ಬಂದದ್ದೇ 1976ರಲ್ಲಿ. ನನಗೆ ಸಿಕ್ಕಿದ್ದೆಲ್ಲ ಕ್ಯಾಸೆಟ್ಟಿನ ಕಾಲ ಮತ್ತು ಅನಂತರದ್ದು.

ಒಂದು ಸಂದು ಮಾತ್ರ ತೆರೆದಿದೆ. ಮೂಡುಬಿದಿರೆ ಬಳಿಯ ಮಾರೂರಿನಲ್ಲಿದ್ದ ಬಲಿಪ ನಾರಾಯಣ ಭಾಗವತರು 1938ರಲ್ಲಿ ಹುಟ್ಟಿದವರು. ಅಜ್ಜನ ಹೆಸರೂ ಅದೇ, ಅಜ್ಜನೂ ಭಾಗವತರು, ಅಜ್ಜನಿಂದಲೇ ಕಲಿತದ್ದು. ಕಟೀಲು ಮೇಳದಲ್ಲಿ ದಶಕಗಳ ಕಾಲ ಹಾಡಿ 2023ರ ಫೆಬ್ರವರಿಯಲ್ಲಿ ತೀರಿಕೊಂಡರು. ಮೈಕಿಲ್ಲದ ಕಾಲದ ಆ ಏರುಶ್ರುತಿ, ಚೆಂಡೆಯ ಪೆಟ್ಟಿನ ಮೇಲೆ ಹತ್ತಿ ನಿಲ್ಲುವ ಆ ಕಂಠಕ್ಕೆ ಬಲಿಪ ಶೈಲಿ ಎಂದೇ ಹೆಸರು. ಅವರ ಧ್ವನಿಮುದ್ರಣಗಳು ಬೇಕಾದಷ್ಟಿವೆ. ಅದರಲ್ಲಿ ಅಜ್ಜನ ಪಾಲೆಷ್ಟು, ಮೊಮ್ಮಗನ ಪಾಲೆಷ್ಟು ಎಂದು ಬಿಡಿಸಿ ಹೇಳುವಷ್ಟು ಜ್ಞಾನ ನನಗಿಲ್ಲ.

ಸಂಜೆ ಅದನ್ನು ಹಾಕಿದರೆ ಅಮ್ಮ ಮೊದಲು ಕೇಳುವುದು, “ಇದು ಅಜ್ಜ ಬಲಿಪರಾ, ಮೊಮ್ಮಗನಾ?” ಮೊಮ್ಮಗ ಎಂದರೆ ಸ್ವಲ್ಪ ಹೊತ್ತು ಕೇಳುತ್ತಾರೆ. ಆಮೇಲೆ, “ಸ್ವಲ್ಪ ದೊಡ್ಡದು ಮಾಡು ಮಾರಾಯ್ತಿ, ಚೆಂಡೆ ಸರಿ ಕೇಳುವುದಿಲ್ಲ” ಎನ್ನುತ್ತಾರೆ.